ಕ್ರೋಶಾ ಹೆಣಿಗೆ: ಒಂದು ಕೊಕ್ಕೆಯ ಚರಿತ್ರೆ

ಪುಣೆಯ ವಾಯವ್ಯಕ್ಕೆ, ಮುಂಬಯಿ–ಪುಣೆ ರೇಲುಮಾರ್ಗದ ಮೇಲಿರುವ ತಳೇಗಾಂವ ದಾಭಾಡೆ ಎಂಬ ಊರು ಇತಿಹಾಸದ ವಾಚಕರಿಗೆ ಎರಡು ಕಾರಣಗಳಿಂದ ಪರಿಚಿತವಾಗಿದೆ. ಮೊದಲನೆಯದಾಗಿ, ಅದು ಮರಾಠಾ ರಾಜ್ಯದ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದ ನೆಲೆ. ೧೭೧೭ರಲ್ಲಿ ಶಾಹು ಮಹಾರಾಜನಿಂದ ಸೇನಾಪತಿಯ ಪದವಿಯನ್ನು ಪಡೆದ ಖಂಡೇರಾವ್ ದಾಭಾಡೆಯ ಕೀರ್ತಿ, ೧೭೩೧ರಲ್ಲಿ ಡಭೋಯಿಯ ಕಾಳಗದಲ್ಲಿ ಮಡಿದ ಅವನ ಮಗ ತ್ರ್ಯಂಬಕರಾವ್‌ನ ದುರಂತ, ಆ ಬಳಿಕ ಮನೆತನದ ಭಾರವನ್ನೂ ಸೈನ್ಯದ ಭಾರವನ್ನೂ ತಾನೇ ಹೊತ್ತ ಖಂಡೇರಾವ್‌ನ ಪತ್ನಿ ಉಮಾಬಾಯಿಯ ಧೈರ್ಯ, ಇವೆಲ್ಲವೂ ಗುಜರಾತಿನ ಹೆಸರಿನೊಡನೆ ಕೂಡಿಕೊಂಡಿವೆ. ಎರಡನೆಯದು ಪೈಸಾ ಫಂಡ್ ಗಾಜಿನ ಕಾರ್ಖಾನೆ. ಸ್ವದೇಶಿ ಚಳವಳಿಯ ದಿನಗಳಲ್ಲಿ ಅಂತಾಜಿ ದಾಮೋದರ ಕಾಳೆಯವರು ಜನಸಾಮಾನ್ಯರಿಂದ ಒಂದೊಂದೇ ಪೈಸೆಯನ್ನು ಕೂಡಿಸಿ ಕಟ್ಟಿದ ನಿಧಿಯ ಬಲದಿಂದ ೧೯೦೮ರಲ್ಲಿ ಇಲ್ಲಿ ಗಾಜಿನ ಕುಲುಮೆ ಹೊತ್ತಿತು.

ಸೇನಾಪತಿಯ ಗುಜರಾತು, ಕಾಳೆಯವರ ಪೈಸೆ, ಇವೆರಡನ್ನೂ ಮನಸ್ಸಿನಲ್ಲಿರಿಸಿಕೊಂಡು ಮೂರನೆಯದೊಂದು ಚರಿತ್ರೆಯನ್ನು ಓದಬಹುದಾಗಿದೆ. ಅದು ಕಾಳಗದ್ದೂ ಅಲ್ಲ, ಕಾರ್ಖಾನೆಯದೂ ಅಲ್ಲ. ಮನೆಯ ಪಡಸಾಲೆಯಲ್ಲಿ ಕುಳಿತ ಹೆಣ್ಣುಮಕ್ಕಳ ಕೈಯಲ್ಲಿ ಆಡುವ ಗೇಣುದ್ದದ ಕೊಕ್ಕೆಯ ಚರಿತ್ರೆ. ಮಗುವಿನ ಕುಲಾವಿ, ಕಾಲುಚೀಲ, ಉಣ್ಣೆಯ ಶಾಲು, ಬಾಗಿಲ ತೋರಣ, ದಿಂಬಿನ ಅಂಚು, ಕೈಚೀಲ, ಸೀರೆಯ ಸೆರಗಿನ ಕುಚ್ಚು ಮೊದಲಾದುವನ್ನು ಒಂದೇ ಕೊಕ್ಕೆ, ಒಂದೇ ನೂಲುಗಳಿಂದ ಸಿದ್ಧಪಡಿಸುವ ಈ ಕಲೆಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕ್ರೋಶಾ ಎಂಬ ಹೆಸರು ರೂಢಿಯಲ್ಲಿದೆ. ಇದನ್ನು ಬಿಡುವಿನ ವೇಳೆಯ ವಿನೋದವೆಂದು ಎಣಿಸುವುದು ವಾಡಿಕೆ. ವಿನೋದವೆಂಬುದು ಸುಳ್ಳಲ್ಲ. ಆದರೆ ಇದರ ಚರಿತ್ರೆಯನ್ನು ಪರಿಶೀಲಿಸಿದರೆ, 'ವಿನೋದ'ವೆಂಬ ಆ ಹೆಸರೇ ಈ ಕೈಗೆಲಸದ ಬೆಲೆಯನ್ನು ಎರಡು ಶತಮಾನಗಳ ಕಾಲ ಮರೆಮಾಡಿದ ಪರದೆಯಾಗಿ ಕಂಡುಬರುತ್ತದೆ.

ಮೊದಲು ಹೆಸರನ್ನು ಕುರಿತು ಎರಡು ಮಾತು. ಕ್ರೋಶಾ ಎಂಬುದು ಫ್ರೆಂಚ್ ಭಾಷೆಯಿಂದ ಬಂದ ಶಬ್ದ. ಅಲ್ಲಿ ಅದಕ್ಕೆ 'ಚಿಕ್ಕ ಕೊಕ್ಕೆ' ಎಂದೇ ಅರ್ಥ. ಕೆಲಸಕ್ಕೆ ಉಪಕರಣದ ಹೆಸರೇ ನಿಂತಿತು. ಕನ್ನಡದ 'ಹೆಣೆ' ಎಂಬ ಧಾತು ಇದಕ್ಕೆ ಸೊಗಸಾಗಿ ಹೊಂದುತ್ತದೆ. ಬುಟ್ಟಿಯನ್ನು ಹೆಣೆಯುತ್ತಾರೆ, ಜಡೆಯನ್ನು ಹೆಣೆಯುತ್ತಾರೆ, ಕತೆಯನ್ನೂ ಹೆಣೆಯುತ್ತಾರೆ, ಬಟ್ಟೆಯನ್ನಾದರೋ ನೇಯುತ್ತಾರೆ. ಈ ಭೇದ ಅರ್ಥವತ್ತಾದುದು. ನೇಯ್ಗೆಗೆ ಮಗ್ಗ ಬೇಕು, ಹಾಸು ಬೇಕು, ಹೊಕ್ಕು ಬೇಕು. ಎರಡು ಕಡ್ಡಿಗಳ ಉಣ್ಣೆಯ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲವೂ ಏಕಕಾಲದಲ್ಲಿ ಕಡ್ಡಿಯ ಮೇಲೆ ನಿಂತಿರಬೇಕು. ಧಾರವಾಡದ ಕಡೆಯ ಕಸೂತಿಗೆ ಆಧಾರವಾಗಿ ಬಟ್ಟೆಯೊಂದಿರಬೇಕು. ಅದರ ಎಳೆಗಳನ್ನು ಎಣಿಸಿಕೊಂಡೇ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳು ನಡೆಯುತ್ತವೆ. ಕ್ರೋಶಾ ಹೆಣಿಗೆಗೆ ಇವು ಯಾವುವೂ ಬೇಡ. ಕೊಕ್ಕೆಯ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಕುಣಿಕೆ ಜೀವಂತವಾಗಿರುತ್ತದೆ; ಅದರೊಳಗಿಂದ ನೂಲನ್ನೆಳೆದರೆ ಇನ್ನೊಂದು ಕುಣಿಕೆ. ಇವು ಸಾಲಾಗಿ ಬಂದರೆ 'ಸರಪಳಿ'. ನೂಲನ್ನು ಕೊಕ್ಕೆಗೆ ಸುತ್ತಿ ಎತ್ತರವಾಗಿ ಎಳೆದರೆ 'ಕಂಬ'. ಸರಪಳಿ ಮತ್ತು ಕಂಬ ಎಂಬ ಈ ಎರಡು ಪದಗಳನ್ನರಿತವರಿಗೆ ಉಳಿದ ವಿನ್ಯಾಸಗಳೆಲ್ಲ ಇವುಗಳ ವಿಸ್ತಾರವೇ ಆಗಿ ತೋರುತ್ತವೆ.

ಈ ಕಲೆಯ ಪ್ರಾಚೀನತೆಯನ್ನು ಕುರಿತು ಅನೇಕ ಕಲ್ಪನೆಗಳು ಪ್ರಚಾರದಲ್ಲಿವೆ. ಅರಬರಿಂದ ಬಂದಿತೆಂದು ಕೆಲವರು, ಚೀನದಿಂದ ಬಂದಿತೆಂದು ಕೆಲವರು, ಸಹಸ್ರಾರು ವರ್ಷಗಳ ಹಿಂದಿನದೆಂದು ಮತ್ತೆ ಕೆಲವರು ಹೇಳುವುದುಂಟು. ಡೆನ್ಮಾರ್ಕಿನ ಲಿಸ್ ಪಲುದಾನ್ ಎಂಬ ವಿದುಷಿ ಯುರೋಪಿನ ಸಾಕ್ಷ್ಯಗಳನ್ನೆಲ್ಲ ಶೋಧಿಸಿ, ೧೮೦೦ಕ್ಕೆ ಮುಂಚೆ ಅಲ್ಲಿ ನಿಜವಾದ ಕ್ರೋಶಾ ಹೆಣಿಗೆ ಇತ್ತೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ತೋರಿಸಿರುವರು. ಸ್ಕಾಟ್ಲೆಂಡಿನ ಎಲಿಜಬೆತ್ ಗ್ರಾಂಟ್ ತನ್ನ ಆತ್ಮಕಥನದಲ್ಲಿ ೧೮೧೨ರ ಸಂಗತಿಗಳನ್ನು ಹೇಳುವಾಗ 'ಕುರುಬರ ಹೆಣಿಗೆ' ಎಂಬ ಸರಳ ಕೊಕ್ಕೆಗೆಲಸವನ್ನು ಪ್ರಸ್ತಾಪಿಸುತ್ತಾಳೆ. ೧೮೨೩ರಲ್ಲಿ 'ಪೆನೆಲೋಪೆ' ಎಂಬ ಡಚ್ ಪತ್ರಿಕೆಯಲ್ಲಿ ರೇಷ್ಮೆದಾರದಿಂದ ಹಣದ ಚೀಲಗಳನ್ನು ಹೆಣೆಯುವ ಮಾದರಿಗಳು ಅಚ್ಚಾದುವು. ಮುದ್ರಿತವಾದ ಮಾದರಿಗಳಲ್ಲಿ ಇವೇ ಮೊದಲಿನವೆಂದು ಪರಿಗಣಿತವಾಗಿವೆ. ಆದ್ದರಿಂದ ಕೈಗೆಲಸಗಳ ಕುಟುಂಬದಲ್ಲಿ ಕ್ರೋಶಾ ಅಜ್ಜಿಯಲ್ಲ, ಕಿರಿಯ ಮಗಳು.

ಆದರೆ ಮಗಳು ಕಿರಿಯಳಾದರೂ ಕೊಕ್ಕೆ ಹಳೆಯದು. ಗುಜರಾತಿನ ಮಾತು ಬರುವುದು ಇಲ್ಲಿಯೇ. ಸಂಸ್ಕೃತದಲ್ಲಿ 'ಆರಾ' ಎಂದರೆ ಚರ್ಮವನ್ನು ಚುಚ್ಚುವ ಮೊನೆಯುಳ್ಳ ಉಪಕರಣ. ಋಗ್ವೇದದಲ್ಲಿ ಪೂಷನ್ ದೇವತೆಯ ಕೈಯಲ್ಲಿ ಈ ಹೆಸರಿನ ಸಾಧನವಿದೆ. ಅಮರಕೋಶವೂ ಇದನ್ನು ಚಮ್ಮಾರನ ಉಪಕರಣಗಳ ಸಾಲಿನಲ್ಲಿ ಹೇಳುತ್ತದೆ. ಗುಜರಾತು ಮತ್ತು ಕಚ್ಛದ ಮೋಚಿಗಳು ತಮ್ಮ ಈ ಉಪಕರಣದ ಮೊನೆಗೆ ಚಿಕ್ಕ ಕೊಕ್ಕೆಯ ಬಾಗನ್ನು ಕೊಟ್ಟು, ಮೊದಲು ಚರ್ಮದ ಮೇಲೂ ಅನಂತರ ಬಟ್ಟೆಯ ಮೇಲೂ ಸರಪಳಿ ಹೊಲಿಗೆಯನ್ನು ಬಹು ಸೂಕ್ಷ್ಮವಾಗಿ ಹಾಕುವುದರಲ್ಲಿ ನಿಪುಣರಾದರು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ಕಡಲತೀರಗಳನ್ನು ಬಣ್ಣಿಸಿದ ಮಾರ್ಕೊ ಪೋಲೊ, ಗುಜರಾತಿನಲ್ಲಿ ಹಕ್ಕಿ ಮೃಗಗಳ ಚಿತ್ರಗಳನ್ನು ಬೆಳ್ಳಿ ಬಂಗಾರದ ಎಳೆಗಳಿಂದ ಹೊಲಿದ ಚರ್ಮದ ಹಾಸುಗಳನ್ನು ಹೊಗಳಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಗುಜರಾತಿನ ಸರಪಳಿ ಹೊಲಿಗೆಯ ಹಾಸಿಗೆಹೊದಿಕೆಗಳೂ ಪರದೆಗಳೂ ಯುರೋಪಿನ ಸಿರಿವಂತರ ಮನೆಗಳಿಗೆ ಹಡಗಿನಲ್ಲಿ ಹೋಗುತ್ತಿದ್ದುವು.

ಹದಿನೆಂಟನೆಯ ಶತಮಾನದಲ್ಲಿ ಸರಕಿನ ಹಿಂದೆಯೇ ಉಪಾಯವೂ ಹೋಯಿತು. ಬಟ್ಟೆಯನ್ನು ಡೋಲಿನ ಚರ್ಮದಂತೆ ಬಳೆಗೆ ಬಿಗಿದು, ಮೇಲಿನಿಂದ ಕೊಕ್ಕೆಯನ್ನು ಚುಚ್ಚಿ ಕೆಳಗಿನ ದಾರವನ್ನು ಕುಣಿಕೆಯಾಗಿ ಮೇಲಕ್ಕೆಳೆಯುವ ಈ ಪೌರಸ್ತ್ಯ ವಿಧಾನಕ್ಕೆ ಫ್ರಾನ್ಸಿನಲ್ಲಿ 'ತಾಂಬೂರ್', ಎಂದರೆ ಡೋಲು, ಎಂಬ ಹೆಸರು ಬಂದಿತು. ಹದಿನೈದನೆಯ ಲೂಯಿಯ ಆಸ್ಥಾನದ ಮದಾಂ ದ ಪೊಂಪದೂರ್ ಇಂಥ ಚೌಕಟ್ಟಿನ ಮುಂದೆ ಕುಳಿತಿರುವ, ೧೭೬೩–೬೪ರಲ್ಲಿ ದ್ರೂಯೆ ಬರೆದ ಚಿತ್ರ ಇಂದಿಗೂ ಲಂಡನ್ನಿನಲ್ಲಿದೆ. ಗುಜರಾತಿನಲ್ಲಿ ಮೋಚಿಯ ಜೀವನೋಪಾಯವಾಗಿದ್ದ ಉಪಕರಣ ಪ್ಯಾರಿಸಿನಲ್ಲಿ ಅರಮನೆಯ ಹೆಂಗಸರ ಕಾಲಕ್ಷೇಪವಾದುದು ಗಮನಾರ್ಹವಾಗಿದೆ. ಅಲ್ಲಿಂದ ಮುಂದೆ, ಕೆಳಗಿನ ಬಟ್ಟೆಯನ್ನೇ ತೆಗೆದುಹಾಕಿ ಗಾಳಿಯಲ್ಲಿಯೇ ಸರಪಳಿಯನ್ನು ಹೆಣೆದಾಗ ಕ್ರೋಶಾ ಜನಿಸಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕುರುಬರ ಹೆಣಿಗೆಯೇ ಇದರ ಮೂಲವೆಂದು ವಾದಿಸುವವರೂ ಇದ್ದಾರೆ. ಎರಡು ತೊರೆಗಳೂ ಸೇರಿ ಹೊಳೆಯಾಗಿರಲು ಅಡ್ಡಿಯಿಲ್ಲ. ತಳೇಗಾಂವದ ಸೇನಾಪತಿಗಳು ಗುಜರಾತಿನಿಂದ ಚೌಥವನ್ನು ವಸೂಲು ಮಾಡುತ್ತಿದ್ದ ಕಾಲವೇ ಮೋಚಿಯ ಆರಿ ಪಶ್ಚಿಮಕ್ಕೆ ಪಯಣಿಸಿದ ಕಾಲವೂ ಆಗಿದೆ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೆ ದಫ್ತರಗಳು ಚೌಥದ ಲೆಕ್ಕವನ್ನು ಬರೆದಿಟ್ಟುವು. ಕೊಕ್ಕೆಯ ಪಯಣವನ್ನು ಯಾರೂ ಬರೆದಿಡಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವೆ ಕ್ರೋಶಾ ವಿನೋದದ ವೇಷವನ್ನು ಕಳಚಿ ಅನ್ನದ ರೂಪವನ್ನು ತಾಳಬೇಕಾಯಿತು. ೧೮೪೫ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ಹಸಿವು ತಂದ ರೋಗಗಳಿಂದಲೂ ಮಡಿದರು. ಅಷ್ಟೇ ಸಂಖ್ಯೆಯ ಜನರು ದೇಶ ಬಿಟ್ಟರು. ಆಗ ಕಾರ್ಕ್ ಪ್ರಾಂತದಲ್ಲಿ ಉರ್ಸುಲೈನ್ ಸಂನ್ಯಾಸಿನಿಯರೂ, ಉತ್ತರದ ಕ್ಲೋನ್ಸ್ ಎಂಬಲ್ಲಿ ಪಾದ್ರಿಯೊಬ್ಬನ ಪತ್ನಿ ಕಸಾಂಡ್ರಾ ಹ್ಯಾಂಡ್ ಎಂಬಾಕೆಯೂ ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸಿನ ಕೆಲಸವನ್ನು ಕಲಿಸಿದರು. ವೆನಿಸಿನ ಸೂಜಿಲೇಸನ್ನು ಹೋಲುವ ವಸ್ತುವನ್ನು ಕೊಕ್ಕೆಯಿಂದ ಬಹಳ ಬೇಗ ಹೆಣೆಯಬಹುದಾಗಿತ್ತು. ಗುಲಾಬಿ, ಎಲೆ, ಬಳ್ಳಿಗಳನ್ನು ಬೇರೆಬೇರೆ ಮನೆಗಳಲ್ಲಿ ಬಿಡಿಬಿಡಿಯಾಗಿ ಹೆಣೆದು, ಅವನ್ನೆಲ್ಲ ಬಲೆಯಂಥ ನೆಲದಿಂದ ಒಂದುಗೂಡಿಸುವ ಕ್ರಮ ಬಂದಿತು. ಅಲ್ಲಿನ ಎಷ್ಟೋ ಮನೆಗಳಲ್ಲಿ ಬಾಡಿಗೆಯೂ ರೊಟ್ಟಿಯೂ, ಕೆಲವರಿಗೆ ಅಮೆರಿಕದ ಹಡಗಿನ ದರವೂ, ಈ ಕೊಕ್ಕೆಯ ತುದಿಯಿಂದಲೇ ಬಂದುವು. ಅದೇ ದಶಕದಲ್ಲಿ ಲಂಡನ್ನಿನಲ್ಲಿ ರೀಗೊ ದ ಲಾ ಬ್ರಾಂಶಾರ್ದಿಯೇರ್ ಎಂಬಾಕೆ ಪ್ರಕಟಿಸಿದ ಮಾದರಿಗಳ ಪುಸ್ತಕಗಳು ಶ್ರೀಮಂತ ಗೃಹಿಣಿಯರ ಮೇಜಿನ ಮೇಲಿದ್ದುವು. ಒಂದೇ ಕೊಕ್ಕೆ, ಒಂದೇ ಸರಪಳಿ; ಒಂದು ಮನೆಯಲ್ಲಿ ಸಮಯ ಕಳೆಯುವ ಉಪಾಯ, ಇನ್ನೊಂದು ಮನೆಯಲ್ಲಿ ಪ್ರಾಣ ಉಳಿಸುವ ಉಪಾಯ.

ಭಾರತಕ್ಕೆ ಕೊಕ್ಕೆ ಮರಳಿದುದು ಮಿಷನರಿಗಳ ಪತ್ನಿಯರು, ಕ್ರೈಸ್ತ ಸಂನ್ಯಾಸಿನಿಯರು, ಆಂಗ್ಲ ಅಧಿಕಾರಿಗಳ ಮನೆಯವರು ಮೊದಲಾದವರ ಕೈಯಲ್ಲಿ. ಕನ್ನಡ ನಾಡಿನಲ್ಲಿ ಬಾಸೆಲ್ ಮಿಷನ್ ೧೮೩೪ರಲ್ಲಿ ಮಂಗಳೂರಿಗೆ ಬಂದಿತು. ೧೮೭೦ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಂನ್ಯಾಸಿನಿಯರು ಅದೇ ಊರಿಗೆ ಬಂದರು. ಇಂಥವರ ಬಾಲಿಕಾಶಾಲೆಗಳಲ್ಲಿ ಓದುಬರೆಹದ ಜೊತೆಗೆ ಸೂಜಿಗೆಲಸವೂ ಪಾಠದ ಅಂಗವಾಗಿತ್ತು. ಗೋದಾವರಿಯ ಮುಖಜಭೂಮಿಯ ನರಸಾಪುರದ ಸುತ್ತಿನಲ್ಲಿ ಮಿಷನರಿಗಳು ಬಿತ್ತಿದ ಈ ಬೀಜ ದೊಡ್ಡ ಉದ್ಯಮವಾಗಿ ಬೆಳೆಯಿತು. ಅಲ್ಲಿನ ಸಹಸ್ರಾರು ಮನೆಗಳ ಹೆಂಗಸರು ಹೆಣೆದ ಲೇಸು ಹಡಗೇರಿ ಯುರೋಪಿನ ಪೇಟೆಗಳನ್ನು ಸೇರಿತು. ಮೋಚಿಯ ಕೈಯಿಂದ ಹೊರಟು ಹೋದುದು ಮಡದಿಯ ಕೈಗೆ ಮರಳಿ ಬಂದಿತೆಂದು ಹೇಳಬಹುದು.

ಪುಣೆಯ ಪ್ರಾಂತದಲ್ಲಿ ಹೆಣ್ಣುಮಕ್ಕಳ ಕೈಗೆಲಸಕ್ಕೆ ಬೇರೊಂದು ಅರ್ಥ ಬಂದಿತು. ಖಂಡಾಳೆಯಿಂದ ಪುಣೆಗೆ, ತಳೇಗಾಂವದ ಮೂಲಕ, ರೇಲು ಓಡಲಾರಂಭಿಸಿದುದು ೧೮೫೮ರಲ್ಲಿ. ಅದೇ ವರ್ಷ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, ಇಂದಿನ ಕರ್ನಾಟಕದ ನೆಲದಲ್ಲಿ, ಪಂಡಿತಾ ರಮಾಬಾಯಿ ಜನಿಸಿದರು. ಅವರು ೧೮೮೯ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತು. ಮುಂದೆ ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ ಬರಗಾಲದ ಅನಾಥೆಯರಿಗೂ ವಿಧವೆಯರಿಗೂ ಆಶ್ರಯದೊಡನೆ ಕಸುಬುಗಳ ಶಿಕ್ಷಣವೂ ದೊರೆಯಿತು. ೧೮೯೬ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿಧವೆಯರಿಗಾಗಿ ಆಶ್ರಮವನ್ನು ಸ್ಥಾಪಿಸಿದರು. ೧೯೦೯ರಲ್ಲಿ ಪುಣೆಯಲ್ಲಿ ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ ಕಾಲಿಟ್ಟ ಸೇವಾಸದನದಲ್ಲಿ ಹೊಲಿಗೆ ಮೊದಲಾದ ಕೈಗೆಲಸಗಳಿಗೆ ತರಗತಿಗಳೇ ಇದ್ದುವು. ಈ ಸಂಸ್ಥೆಗಳೆಲ್ಲ ಒಂದು ಸತ್ಯವನ್ನು ಅರಿತಿದ್ದುವು: ಹೆಣ್ಣಿನ ಕೈ ಗಳಿಸಬಲ್ಲುದಾದರೆ ಆಕೆಯ ಬಾಳಿಗೆ ನೆಲೆಯುಂಟು.

ಹೀಗಿದ್ದರೂ ಮನೆಯೊಳಗಣ ಕ್ರೋಶಾಕ್ಕೆ ಕಸುಬಿನ ಗೌರವ ದೊರೆಯಲಿಲ್ಲ. ಇದರ ಕಾರಣವನ್ನು ಸ್ಪಷ್ಟವಾಗಿ ತೋರಿಸಿದವರು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್. ನರಸಾಪುರದ ಲೇಸುಗಾರ್ತಿಯರನ್ನು ಕುರಿತು ೧೯೮೨ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ, ದಿನದ ಬಹುಭಾಗವನ್ನು ಹೆಣಿಗೆಗೆ ಕೊಡುವ ಹೆಂಗಸರನ್ನು ಸಮಾಜವೂ ವ್ಯಾಪಾರಿಗಳೂ 'ಸುಮ್ಮನೆ ಕುಳಿತಿರುವ ಗೃಹಿಣಿಯರು' ಎಂದೇ ಎಣಿಸುತ್ತಿದ್ದುದು ವಿವರವಾಗಿ ನಿರೂಪಿತವಾಗಿದೆ. ಕೆಲಸ ಬಿಡುವಿನದೆಂದು ಒಮ್ಮೆ ಹೆಸರಿಟ್ಟ ಮೇಲೆ ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೊಡಬೇಕಾಗಿಲ್ಲ; ತುಂಡಿನ ಲೆಕ್ಕದಲ್ಲಿ ಕೊಟ್ಟರೆ ಸಾಕು. ಹೆಣೆಯುವವಳಿಗೂ ರಫ್ತುದಾರನಿಗೂ ನಡುವೆ ಇರುವ ಪ್ರತಿಯೊಂದು ಕೈಯೂ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ೨೦೨೪ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಹೆಸರಿಗೆ ರಕ್ಷಣೆ ಬಂದಿತು. ಬೆರಳಿಗೆ ತಕ್ಕ ಬೆಲೆ ಬರುವುದು ಇನ್ನೊಂದು ಹೆಜ್ಜೆ.

ಈ ವಿಷಯದಲ್ಲಿ ಒಂದು ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ನೂಲುವಿಕೆ, ನೇಯ್ಗೆ, ಹೊಲಿಗೆ, ಕಸೂತಿ, ಉಣ್ಣೆಯ ಹೆಣಿಗೆ, ಇವೆಲ್ಲಕ್ಕೂ ಯಂತ್ರಗಳು ಬಂದುವು. ಕ್ರೋಶಾಕ್ಕೆ ಮಾತ್ರ ವ್ಯಾಪಾರದಲ್ಲಿ ನೆಲೆನಿಂತ ಯಂತ್ರ ಇದುವರೆಗೆ ಬಂದಿಲ್ಲ. ಪ್ರತಿಯೊಂದು ಕುಣಿಕೆಗೂ ಕೊಕ್ಕೆ ಹಿಂದಿನ ಸಾಲಿನೊಳಗೆ ತನ್ನ ದಾರಿಯನ್ನು ಹುಡುಕಿಕೊಳ್ಳಬೇಕು. ಆ ವಿವೇಕ ಬೆರಳಿಗಿದೆ, ಲೋಹಕ್ಕಿಲ್ಲ. ಅಂಗಡಿಗಳಲ್ಲಿ ಯಂತ್ರದ ಕ್ರೋಶಾ ಎಂದು ದೊರೆಯುವುದು ಹೆಣಿಗೆಯ ಯಂತ್ರಗಳಿಂದ ಮಾಡಿದ ಅನುಕರಣೆಯಷ್ಟೆ. ಇದರಿಂದ ಒಂದು ನಿಷ್ಠುರವಾದ ತೀರ್ಮಾನ ಹೊರಡುತ್ತದೆ. ನಿಜವಾದ ಕ್ರೋಶಾದ ಉಡುಪು ಯಾವ ದೇಶದ ಯಾವ ಅಂಗಡಿಯಲ್ಲಿದ್ದರೂ ಅದನ್ನು ಯಾರೋ ಒಬ್ಬರ ಕೈ ಕುಣಿಕೆ ಕುಣಿಕೆಯಾಗಿ ಹೆಣೆದಿರಲೇಬೇಕು. ಅದು ಅತ್ಯಗ್ಗವಾಗಿದ್ದರೆ ಅಲ್ಲಿ ಅಗ್ಗವಾದುದು ನೂಲಲ್ಲ, ಕೈ.

ಕನ್ನಡ ನಾಡಿನಲ್ಲಿ ಇದಕ್ಕೆ ಇಂದು ಕಾಣುವ ಉತ್ತಮ ನಿದರ್ಶನ ಸೀರೆಯ ಕುಚ್ಚು. ಮಗ್ಗದಿಂದ ಇಳಿದ ಸೀರೆಯ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಬಿಡಿಯಾಗಿ ಉಳಿದಿರುತ್ತವೆ. ಅವು ಬಿಚ್ಚಿಹೋಗದಂತೆ ಗಂಟು ಹಾಕುವುದು ಹಳೆಯ ಪದ್ಧತಿ. ಈಚಿನ ದಶಕಗಳಲ್ಲಿ ಈ ಗಂಟಿನ ಸ್ಥಾನಕ್ಕೆ ಕ್ರೋಶಾ ಸೂಜಿಯಿಂದ ಹೆಣೆದ ಕಮಾನುಗಳು, ಹೂಗಳು, ಮಣಿ ಪೋಣಿಸಿದ ಗೊಂಡೆಗಳು ಬಂದಿವೆ. ಬೆಂಗಳೂರು, ಮೈಸೂರುಗಳ ಬಡಾವಣೆಗಳಿಂದ ಹಿಡಿದು ಚಿಕ್ಕ ಊರುಗಳವರೆಗೆ ಅಸಂಖ್ಯ ಗೃಹಿಣಿಯರು ಮದುವೆಯ ಕಾಲದಲ್ಲಿ ರಾತ್ರಿಯೆಲ್ಲ ಕುಳಿತು ಕುಚ್ಚು ಹೆಣೆಯುತ್ತಾರೆ. ಅದೇ ಬೀದಿಯಲ್ಲಿ ರವಿಕೆಗೆ ಆರಿಯ ಕೆಲಸ ಮಾಡುವ ಇನ್ನೊಂದು ಮನೆ ಇರುವುದೂ ಉಂಟು. ಗುಜರಾತಿನಿಂದ ನೆಲದ ದಾರಿಯಲ್ಲಿ ಬಂದ ಆರಿ ರವಿಕೆಯ ಮೇಲೆ, ಸಮುದ್ರವನ್ನು ಸುತ್ತಿ ಬಂದ ಅದರ ಸಂತಾನ ಸೆರಗಿನ ತುದಿಯಲ್ಲಿ. ಎರಡೂ ಒಂದೇ ಮದುಮಗಳ ಮೈಮೇಲೆ ಸೇರುವಾಗ ಅವು ಬಂಧುಗಳೆಂಬುದನ್ನು ಅರಿತವರು ವಿರಳ.

ಇಷ್ಟೆಲ್ಲ ಶ್ರಮದ ಮಾತಾದ ಮೇಲೆ ಆನಂದದ ಮಾತನ್ನು ಮರೆಯುವುದು ಅನ್ಯಾಯವಾದೀತು. ಕ್ರೋಶಾದ ಸಂತೋಷಕ್ಕೆ ಅದರ ರಚನೆಯಲ್ಲಿಯೇ ಕಾರಣಗಳಿವೆ. ಮೊದಲನೆಯದು ಸ್ವಾತಂತ್ರ್ಯ. ಸಂಚಿಯೊಳಗೆ ಹಿಡಿಯುವ ಕೊಕ್ಕೆಯೂ ನೂಲಿನ ಉಂಡೆಯೂ ಸಾಕು. ರೇಲಿನಲ್ಲಿಯೂ, ಆಸ್ಪತ್ರೆಯ ಜಗಲಿಯಲ್ಲಿಯೂ, ಘಟ್ಟದ ಮಗ್ಗುಲಿನ ಊರುಗಳ ದೀರ್ಘ ಮಳೆಗಾಲದ ಮಧ್ಯಾಹ್ನಗಳಲ್ಲಿಯೂ ಕೆಲಸ ಸಾಗುತ್ತದೆ. ಎರಡನೆಯದು ಕ್ಷಮೆ. ಕತ್ತರಿಸಿದ ಬಟ್ಟೆಯನ್ನು ಮರಳಿ ಕೂಡಿಸಲಾಗದು; ತಪ್ಪಿದ ಕ್ರೋಶಾವನ್ನಾದರೋ ಎಳೆದರೆ ನೂಲು ನೂಲಾಗಿಯೇ ಕೈಗೆ ಮರಳುತ್ತದೆ, ಏನೂ ನಷ್ಟವಾಗದು. ಮೂರನೆಯದು ಅಳತೆ. ದರ್ಜಿಯ ಪಟ್ಟಿಯಿಲ್ಲದೆ, ಮಗುವಿನ ತಲೆಗೇ ಇಟ್ಟು ನೋಡಿ ಕುಲಾವಿಯ ಸುತ್ತನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಹಾಗೆ ಸಿದ್ಧವಾದುದು ಜಗತ್ತಿನ ಬೇರೆ ಯಾವ ತಲೆಗೂ ಅಲ್ಲ, ಆ ಒಂದು ತಲೆಗಾಗಿ ಮಾತ್ರ. ಕೊಂಡ ವಸ್ತುವಿಗೆ ಈ ಗುಣ ಬಾರದು.

ಈ ಆನಂದ ಬುದ್ಧಿಯದೂ ಹೌದು. ಪ್ರತಿಯೊಂದು ಸಾಲಿನಲ್ಲಿಯೂ ಕುಣಿಕೆಗಳ ಸಂಖ್ಯೆಯನ್ನು ಒಂದು ಕ್ರಮದಲ್ಲಿ ಹೆಚ್ಚಿಸುತ್ತ ಹೋದರೆ ಹೆಣಿಗೆ ಕೋಳಿಜುಟ್ಟಿನ ಹೂವಿನಂತೆ ನಿರಿನಿರಿಯಾಗಿ ಸುರುಟಿಕೊಳ್ಳುತ್ತದೆ. ಗೃಹಿಣಿಯರು ಅಂಚಿನ ಜಾಲರಿಗಾಗಿ ಬಳಸುವ ಈ ಉಪಾಯದಿಂದಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ ೧೯೯೭ರಲ್ಲಿ ಯೂಕ್ಲಿಡನ ನಿಯಮಕ್ಕೆ ಒಳಪಡದ ಒಂದು ಬಗೆಯ ರೇಖಾಗಣಿತದ ತಲವನ್ನು ಕೈಯಲ್ಲಿ ಹಿಡಿಯಬಹುದಾದ ಮಾದರಿಯಾಗಿ ಹೆಣೆದರು. ಅದಕ್ಕೆ ಹಿಂದೆ ಇದ್ದ ಕಾಗದದ ಮಾದರಿಗಳು ಮುಟ್ಟಿದರೆ ಹರಿಯುವಂಥವು. ಇನ್ನೊಂದು ದಿಕ್ಕಿನಲ್ಲಿ, ೨೦೧೬ರಲ್ಲಿ ಚೆನ್ನೈಯಲ್ಲಿ 'ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್' ಎಂಬ ಮಹಿಳೆಯರ ಕೂಟ ಬಿಡಿಬಿಡಿಯಾಗಿ ಹೆಣೆದ ತುಂಡುಗಳನ್ನು ಕೂಡಿಸಿ ೧೧,೧೪೮.೫ ಚದರ ಮೀಟರಿನ ಹೊದಿಕೆಯನ್ನು ಸಿದ್ಧಪಡಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿತು. ಐರ್ಲೆಂಡಿನಲ್ಲಿ ಹಸಿವು ಕಲಿಸಿದ ಬಿಡಿ ತುಂಡುಗಳ ಕ್ರಮವನ್ನು ಇಲ್ಲಿ ಉಲ್ಲಾಸ ಬಳಸಿಕೊಂಡಿತು.

ಹಾಗಾದರೆ ಕ್ರೋಶಾ ಶ್ರಮವೋ ವಿನೋದವೋ ಎಂಬ ಪ್ರಶ್ನೆಗೆ ಚರಿತ್ರೆಯ ಉತ್ತರವೇನು? ಎರಡೂ ಹೌದು, ಆದರೆ ಯಾವುದೆಂಬುದನ್ನು ನಿರ್ಧರಿಸುವುದು ಕೊಕ್ಕೆಯಲ್ಲ, ಹೆಣೆಯುವವಳ ಕಾಲದ ಒಡೆತನ. ತನ್ನ ಹೊತ್ತು ತನ್ನದಾಗಿದ್ದಾಗ ಅದು ವಿನೋದ. ಹೊತ್ತನ್ನು ಮಾರಬೇಕಾಗಿ ಬಂದಾಗ ಅದು ಶ್ರಮ, ಆಗ ಅದಕ್ಕೆ ಶ್ರಮದ ಬೆಲೆಯೇ ಸಲ್ಲಬೇಕು. ಸಂತೋಷದಿಂದ ಮಾಡಿದಳೆಂಬ ಕಾರಣಕ್ಕೆ ಕೂಲಿಯನ್ನು ಇಳಿಸುವುದು, ಹಾಡುತ್ತ ನಾಟಿ ಮಾಡಿದವಳ ಮಜೂರಿಯಲ್ಲಿ ಹಾಡನ್ನು ಕಳೆದಂತೆ.

೧೯೯೨ರಲ್ಲಿ ನಬಾರ್ಡ್ ಆರಂಭಿಸಿದ ಯೋಜನೆಯ ಮೂಲಕ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಬ್ಯಾಂಕುಗಳೊಡನೆ ಜೋಡಣೆಗೊಂಡು, ಮನೆಯ ಚಿಕ್ಕ ಉಳಿತಾಯವೂ ಲೆಕ್ಕದ ಪುಸ್ತಕಕ್ಕೆ ಬರುವಂತಾಯಿತು. ಉಳಿತಾಯಕ್ಕೆ ದೊರೆತ ಈ ಗೌರವ ಗಂಟೆಗಳಿಗೂ ದೊರೆಯುವುದು ಉಚಿತ. ನೂಲಿನ ತೂಕದೊಡನೆ ಕೈಯ ಹೊತ್ತನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸ ಬೆಳೆದರೆ, ಕುಚ್ಚು ಹೆಣೆಯುವವಳು ತನ್ನ ಬೆಲೆಯನ್ನು ಹೇಳುವಾಗ ಸಂಕೋಚಪಡಬೇಕಾಗಿಲ್ಲ. ತಳೇಗಾಂವದ ಗಾಜಿನ ಕುಲುಮೆ ಹೊತ್ತಿದುದು ಒಂದೊಂದು ಪೈಸೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡವರಿಂದ. ಒಂದೊಂದು ಕುಣಿಕೆಯನ್ನೂ ಹಾಗೆಯೇ ಲೆಕ್ಕಕ್ಕೆ ತೆಗೆದುಕೊಳ್ಳುವವರು ಬರಬೇಕಾಗಿದೆ.